ಅರ್ಧ ಉಳಿದ ನಗೆಚಿತ್ರವನ್ನು ಕಳೆದುಹೋದ ಪಟ್ಟಿಗೆ ಸೇರಿಸಬೇಡಿ

ಮಾನ್ಯ ಸಂಪಾದಕರೇ,

ಯುರೋಪಿನ ಕಳೆದುಹೋದ ಮೂಕಿ ಚಿತ್ರಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಒಂದೇ ಉಸಿರಿಗೆ ಓದಿದೆ. ಇಂಥ ವಿಷಯಕ್ಕೆ ಇಡೀ ಪುಟ ಬಿಟ್ಟುಕೊಟ್ಟಿದ್ದೀರಿ, ಅದಕ್ಕೆ ಮೊದಲು ವಂದನೆ. ಬರೆದವರು ಶ್ರಮಪಟ್ಟಿದ್ದಾರೆ. ಆದರೂ ಅದರಲ್ಲಿನ ಎರಡು ಮಾತಿಗೆ ಉತ್ತರ ಕೊಡದೆ ಸುಮ್ನೆ ಕೂರಲು ನನ್ನಿಂದ ಆಗಲಿಲ್ಲ. ಅರ್ಧಂಬರ್ಧ ಉಳಿದ ಚಿತ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನುವುದು ಒಂದು. ಹೋದ ಭಾಗವನ್ನು ಇನ್ನು ಮುಂದೆ ಎಐ ತುಂಬಿಕೊಡುತ್ತದೆ, ಚಿಂತೆ ಬೇಡ ಅನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ನಾನು ಬದುಕಿನ ಬಹುಪಾಲನ್ನು ಎಡಿಟಿಂಗ್ ರೂಮಿನಲ್ಲಿ ಕಳೆದವಳು. ಕಂಪ್ಯೂಟರ್ ಬರುವ ಮೊದಲಿನ ಎಡಿಟಿಂಗ್ ಅದು. ಕೈಗೆ ಬಿಳಿ ಗ್ಲೌಸ್, ಮೇಜಿನ ಮೇಲೆ ಫಿಲ್ಮ್ ಕತ್ತರಿಸಿ ಅಂಟಿಸುವ ಸ್ಪ್ಲೈಸರ್, ಪಕ್ಕದಲ್ಲಿ ಫಿಲ್ಮಿನ ಮೇಲೆ ಗುರುತು ಹಾಕುವ ಗ್ರೀಸ್ ಪೆನ್ಸಿಲ್, ಕೊರಳ ಸುತ್ತ ತೂಗುವ ಫಿಲ್ಮ್ ತುಂಡುಗಳು. ಒಂದು ಶಾಟಿನ ತುದಿಯಿಂದ ನಾಲ್ಕು ಫ್ರೇಮ್ ತೆಗೆದರೆ ನಗು ಬರುತ್ತದೆ, ಎಂಟು ತೆಗೆದರೆ ಅದೇ ನಗು ಸತ್ತುಹೋಗುತ್ತದೆ ಅನ್ನುವುದನ್ನು ಬೆರಳಿನಿಂದಲೇ ಕಲಿತವಳು. ಹಾಗಾಗಿ ಚಿತ್ರದ ನಡುವಿನಿಂದ ಕಾಲು ಗಂಟೆ ಕಿತ್ತುಹೋಗಿದೆ ಅಂತ ಯಾರಾದರೂ ಅಂದರೆ ನನಗೆ ಅದು ಬರೀ ಸುದ್ದಿಯಾಗಿ ಕೇಳಿಸುವುದಿಲ್ಲ. ಏನೇನು ಹೋಗಿರಬಹುದು ಅಂತ ಕೈ ತಡಕುತ್ತದೆ.

ನಿಮ್ಮ ಲೇಖನದಲ್ಲಿ ಹೆಸರು ಬಂದವೆಲ್ಲ ದೊಡ್ಡ ಚಿತ್ರಗಳು. ಗಂಭೀರ ಕಥೆ, ದೊಡ್ಡ ಸೆಟ್ಟು, ಸಾವಿರಾರು ಜನ. ಅವುಗಳ ಬಗ್ಗೆ ನನಗೂ ಗೌರವ ಇದೆ. ನಾನು ಹೇಳಹೊರಟಿರುವುದು ಮಾತ್ರ ಆ ಪಟ್ಟಿಯಲ್ಲಿ ಇಲ್ಲದ ಒಂದು ಪುಟ್ಟ ಚಿತ್ರದ ವಿಷಯ. 1918ರಲ್ಲಿ ಜರ್ಮನಿಯಲ್ಲಿ ತಯಾರಾದ 'ಡೆರ್ ಫಾಲ್ ರೋಸೆನ್‌ಟೊಪ್ಫ್'. ನಮ್ಮ ಮಾತಿನಲ್ಲಿ ರೋಸೆನ್‌ಟೊಪ್ಫ್ ಕೇಸು ಅನ್ನಬಹುದು. ನಿರ್ದೇಶಕ ಎರ್ನ್ಸ್ಟ್ ಲುಬಿಚ್. ಮುಖ್ಯ ಪಾತ್ರವೂ ಅವರದೇ. ಜೊತೆಗೆ ಫೆರಿ ಸಿಕ್ಲಾ, ಮಾರ್ಗರೆಟೆ ಕುಪ್ಫರ್, ಟ್ರೂಡೆ ಹೆಸ್ಟರ್‌ಬೆರ್ಗ್. ಅಪರಾಧ, ಪತ್ತೇದಾರಿಕೆ, ನಗು ಮೂರೂ ಬೆರೆತ ಚಿತ್ರ. ಅದರ ಒಂದು ಭಾಗ ಮಾತ್ರ ಇವತ್ತು ನಮ್ಮ ಪಾಲಿಗಿದೆ. ಮಿಕ್ಕಿದ್ದು ಹೋಗಿದೆ.

ಲುಬಿಚ್ ಅಂದರೆ ಸಿನಿಮಾ ಓದಿದವರಿಗೆ ಹಾಲಿವುಡ್ ನೆನಪಾಗುತ್ತದೆ. 1930ರ ದಶಕದ ಆ ನವಿರಾದ, ಮುಚ್ಚಿದ ಬಾಗಿಲಿನಿಂದಲೇ ಎಲ್ಲ ಹೇಳಿಬಿಡುವ ಚಿತ್ರಗಳು. ಆದರೆ ಅದಕ್ಕೂ ಮೊದಲು ಅವರು ಬರ್ಲಿನ್ನಿನ ಒಬ್ಬ ಹಾಸ್ಯನಟ. ಹುಟ್ಟಿದ್ದು 1892ರಲ್ಲಿ, ಅದೇ ಊರಿನಲ್ಲಿ. ಅಪ್ಪ ದರ್ಜಿ, ಹೆಂಗಸರ ಉಡುಪಿನ ವ್ಯಾಪಾರ. ಮಗನಿಗೆ ಅಂಗಡಿ ಬೇಡ, ನಾಟಕ ಬೇಕು. 1911ರಲ್ಲಿ ಹೆಸರಾಂತ ನಾಟಕ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಅವರ ತಂಡ ಸೇರಿ ಸಣ್ಣಪುಟ್ಟ ಪಾತ್ರ ಮಾಡಿದರು. ಸಿನಿಮಾಕ್ಕೆ ಬಂದಾಗ ತಾವು ಬಿಟ್ಟುಬಂದ ಅಂಗಡಿಯನ್ನೇ ಪರದೆಗೆ ತಂದರು. ಬಟ್ಟೆ ಅಂಗಡಿಯ ಹುಡುಗ, ಚಪ್ಪಲಿ ಅಂಗಡಿಯ ಹುಡುಗ. ಬಾಯಿ ತುಂಬ ಹಲ್ಲು, ಎಲ್ಲೂ ನಿಲ್ಲದ ಕಣ್ಣು, ಬೈದರೂ ಹೋಗದ ಧೈರ್ಯ. 1916ರ 'ಶೂಪಲಾಸ್ಟ್ ಪಿಂಕುಸ್' ನೋಡಿದರೆ ಗೊತ್ತಾಗುತ್ತದೆ: ಶಾಲೆಯಲ್ಲಿ ದಡ್ಡ, ಕೆಲಸದಲ್ಲಿ ಸೋಮಾರಿ, ಆದರೂ ಕೊನೆಗೆ ದೊಡ್ಡ ಚಪ್ಪಲಿ ಅಂಗಡಿಯ ಯಜಮಾನ. ಆ ಪಾತ್ರದ ಹೆಸರು ಸಾಲಿ. ಈ ಸಾಲಿ ಬೇರೆ ಬೇರೆ ಚಿತ್ರಗಳಲ್ಲಿ ಬೇರೆ ಬೇರೆ ಉದ್ಯೋಗ ಹಿಡಿಯುತ್ತಾ ಹೋದ. ರೋಸೆನ್‌ಟೊಪ್ಫ್ ಕೇಸಿನಲ್ಲಿ ಕಾಲಿಟ್ಟಿದ್ದು ಪತ್ತೇದಾರಿಕೆಗೆ.

ಪತ್ತೇದಾರಿಕೆಯೇ ಯಾಕೆ ಅಂತ ತಿಳಿಯಲು ಆ ಕಾಲದ ಜರ್ಮನಿಯ ಹುಚ್ಚು ಗೊತ್ತಿರಬೇಕು. 1913ರಲ್ಲಿ ಮ್ಯಾಕ್ಸ್ ಮಾಕ್ ಎಂಬ ನಿರ್ದೇಶಕರು 'ವೋ ಇಸ್ಟ್ ಕೊಲೆಟ್ಟಿ?' ಮಾಡಿದರು. ಕೊಲೆಟ್ಟಿ ಎಂಬ ಪತ್ತೇದಾರ ತನ್ನನ್ನು 48 ಗಂಟೆಯೊಳಗೆ ಹಿಡಿದವರಿಗೆ ಒಂದು ಲಕ್ಷ ಮಾರ್ಕ್ ಕೊಡುತ್ತೇನೆ ಅನ್ನುತ್ತಾನೆ. ಬರ್ಲಿನ್ನಿಗೆ ಬರ್ಲಿನ್ನೇ ಬೀದಿಗೆ ಇಳಿಯುತ್ತದೆ. ಮರುವರ್ಷ ಸ್ಟುವರ್ಟ್ ವೆಬ್ಸ್ ಎಂಬ ಪತ್ತೇದಾರ ಬಂದ. ನಟ ಎರ್ನ್ಸ್ಟ್ ರೈಖರ್, ನಿರ್ದೇಶಕ ಜೋ ಮೇ. ಅದರ ಹಿಂದೆಯೇ ಜೋ ಡೀಬ್ಸ್ ಎಂಬ ಇನ್ನೊಬ್ಬ ಪತ್ತೇದಾರ. ಹೆಸರು ಗಮನಿಸಿ, ಈ ಇಬ್ಬರದೂ ಇಂಗ್ಲಿಷರ ಹೆಸರು. ಗಡಿಯಲ್ಲಿ ಇಂಗ್ಲೆಂಡಿನ ಜೊತೆ ಯುದ್ಧ, ಊರೊಳಗಿನ ಚಿತ್ರಮಂದಿರದಲ್ಲಿ ಇಂಗ್ಲಿಷ್ ಹೆಸರಿನ ಪತ್ತೇದಾರನಿಗೆ ಚಪ್ಪಾಳೆ! 1916ರಲ್ಲಿ ಹೊರಗಿನ ಚಿತ್ರಗಳ ಆಮದಿಗೆ ತಡೆ ಬಿದ್ದ ಮೇಲಂತೂ ಒಳಗಿನ ತಯಾರಿಕೆಗೆ ಸುಗ್ಗಿ. ಪೈಪು, ಟೋಪಿ, ಭೂತಗನ್ನಡಿ ಇದ್ದರೆ ಸಾಕು, ಜನ ಬರುತ್ತಿದ್ದರು. ಅಂಥ ಹೊತ್ತಿನಲ್ಲಿ ಆ ಟೋಪಿಯನ್ನು ಸಾಲಿಯ ತಲೆಗೆ ಇಡುವುದು ಎಂಥ ಒಳ್ಳೆಯ ಯೋಚನೆ ನೋಡಿ.

1918ರ ಬರ್ಲಿನ್ನಿನಲ್ಲಿ ನಗುವುದು ಸುಲಭ ಇರಲಿಲ್ಲ ಅನ್ನುವುದನ್ನೂ ಸೇರಿಸಬೇಕು. ಯುದ್ಧ ಶುರುವಾಗಿ ನಾಲ್ಕು ವರ್ಷ. ಆಲೂಗಡ್ಡೆ ಕೈಕೊಟ್ಟು ಟರ್ನಿಪ್ ಗಡ್ಡೆ ತಿಂದು ಬದುಕಿದ 1916-17ರ ಚಳಿಗಾಲ ಯಾರಿಗೂ ಮರೆತಿರಲಿಲ್ಲ. ಕಚ್ಚಾ ಫಿಲ್ಮಿಗೂ ಬರ. ಆ ಒಂದೇ ವರ್ಷದಲ್ಲಿ ಲುಬಿಚ್ ಟೆಂಪೆಲ್‌ಹೋಫ್‌ನ ಗಾಜಿನ ಸ್ಟುಡಿಯೋ ಸುತ್ತಮುತ್ತ ಚಿತ್ರದ ಮೇಲೆ ಚಿತ್ರ ಮಾಡಿದರು. ಪೋಲಾ ನೆಗ್ರಿ ನಟಿಸಿದ 'ಕಾರ್ಮೆನ್' ಆ ವರ್ಷದ್ದೇ. ಓಸ್ಸಿ ಓಸ್ವಾಲ್ಡಾ ಗಂಡುಡುಗೆ ತೊಟ್ಟು ಊರು ಸುತ್ತುವ 'ಇಷ್ ಮಿಯೋಷ್ಟೆ ಕೈನ್ ಮಾನ್ ಸೈನ್' ಕೂಡ. ಈ ಎರಡನೆಯದರಲ್ಲೂ ಸಿಕ್ಲಾ ಮತ್ತು ಕುಪ್ಫರ್ ಇದ್ದಾರೆ. ಅದು ಪೂರ್ತಿ ಉಳಿದಿದೆ, ನೋಡಬಹುದು. ಆ ಇಬ್ಬರು ಎಷ್ಟು ಹದವಾಗಿ ಆಡುತ್ತಾರೆ ಅಂದರೆ, ಅವರದೇ ಇನ್ನೊಂದು ಚಿತ್ರ ಅರ್ಧಕ್ಕೆ ನಿಂತಿದೆಯಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಇನ್ನು ಈ ಚಿತ್ರಗಳು ಹೋದದ್ದು ಹೇಗೆ? ನಿಮ್ಮ ಲೇಖನ ಬೆಂಕಿ ಮತ್ತು ಯುದ್ಧದ ಮೇಲೆ ಜಾಸ್ತಿ ಒತ್ತು ಕೊಟ್ಟಿದೆ. ಅವೂ ನಿಜ. ಆದರೆ ನಗೆಚಿತ್ರಗಳ ವಿಷಯದಲ್ಲಿ ಇನ್ನೊಂದು ಕಾರಣ ಇದೆ, ಅದು ತಿರಸ್ಕಾರ. ವಾರದ ಆಟ ಮುಗಿದ ಮೇಲೆ ಇದನ್ನು ಇಟ್ಟುಕೊಳ್ಳಬೇಕು ಅಂತ ಯಾರಿಗೂ ಅನಿಸಲಿಲ್ಲ. ಪ್ರಿಂಟು ಊರಿಂದ ಊರಿಗೆ ಓಡಾಡಿ ಸವೆಯಿತು. ಕಪ್ಪು ಬಿಳುಪು ಫಿಲ್ಮಿನ ಮೇಲಿನ ಲೇಪದಲ್ಲಿ ಬೆಳ್ಳಿ ಇರುತ್ತದೆ. ಇನ್ನು ಯಾರೂ ಆಡಿಸದ ಪ್ರಿಂಟಿಗಿಂತ ಅದರಿಂದ ತೆಗೆದ ಬೆಳ್ಳಿಗೇ ಬೆಲೆ ಜಾಸ್ತಿ ಅಂತ ಎಷ್ಟೋ ರಾಶಿಗಳನ್ನು ಕರಗಿಸಿದರು. ಚಿತ್ರಗಳನ್ನು ಕಾಪಾಡಬೇಕು ಅನ್ನುವ ಸಂಸ್ಥೆಗಳು ಯುರೋಪಿನಲ್ಲಿ ಗಟ್ಟಿಯಾಗಿ ನಿಂತದ್ದೇ 1930ರ ದಶಕದಲ್ಲಿ. ಲಂಡನ್ನಿನಲ್ಲಿ, ಬರ್ಲಿನ್ನಿನಲ್ಲಿ 1935, ಪ್ಯಾರಿಸ್ಸಿನಲ್ಲಿ 1936. ಅವರೆಲ್ಲ ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದ್ದು 1938ರಲ್ಲಿ. ಅಷ್ಟರಲ್ಲಿ ಮಾತಿನ ಚಿತ್ರಗಳು ಬಂದು ಮೂಕಿಗಳನ್ನು ಮೂಲೆಗೆ ತಳ್ಳಿಯಾಗಿತ್ತು. ಕೈಗೆ ಸಿಕ್ಕಿದ್ದರಲ್ಲಿ ಮೊದಲು ಆಯ್ದುಕೊಂಡದ್ದು 'ಕಲೆ' ಅನಿಸಿಕೊಂಡ ಚಿತ್ರಗಳನ್ನು. ಚಪ್ಪಲಿ ಅಂಗಡಿಯ ಹುಡುಗ ಸಾಲಿನ ಹಿಂದೆ ನಿಂತ.

ಅದರ ಜೊತೆಗೆ ನೈಟ್ರೇಟ್. ಆಗಿನ ಫಿಲ್ಮೆಲ್ಲ ಸೆಲ್ಯುಲೋಸ್ ನೈಟ್ರೇಟ್. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಹಾಳಾಗುತ್ತಾ ಬಂದ ನೈಟ್ರೇಟ್ ಬೇಸಿಗೆಯ ಬಿಸಿಗೇ ತಾನಾಗಿ ಹೊತ್ತಿಕೊಂಡೀತು. 1959ರ ಜುಲೈನಲ್ಲಿ ಪ್ಯಾರಿಸ್ಸಿನ ಸಿನಿಮಾಟೆಕ್ ಎಂಬ ಚಿತ್ರಭಂಡಾರದ ಅಂಗಳದಲ್ಲಿ ಇಟ್ಟಿದ್ದ ಡಬ್ಬಗಳು ಹಾಗೆ ಸುಟ್ಟುಹೋದವು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ನೈಟ್ರೇಟ್ ಕಾಲ ಮುಗಿದು ಅಷ್ಟು ಬೇಗ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮ್ ಬಂದಿತ್ತು. ಅಸಿಟೇಟಿಗೂ ತನ್ನದೇ ರೋಗ ಇದೆ, ಡಬ್ಬ ತೆರೆದರೆ ವಿನೆಗರ್ ವಾಸನೆ ಮೂಗಿಗೆ ಬಡಿಯುತ್ತದೆ. ನೈಟ್ರೇಟಿನ ಸಾವು ಬೇರೆ ಥರ. ಮೊದಲು ಚಿತ್ರ ಮಸುಕಾಗುತ್ತದೆ. ಆಮೇಲೆ ಸುರುಳಿ ಅಂಟಂಟಾಗುತ್ತದೆ. ಅಲ್ಲಲ್ಲಿ ಕಂದು ನೊರೆ, ಗುಳ್ಳೆ. ಪದರಕ್ಕೆ ಪದರ ಹತ್ತಿಕೊಂಡು ಗಟ್ಟಿ ಬಿಲ್ಲೆಯಾಗುತ್ತದೆ. ಕೊನೆಗೆ ಕಂದು ಪುಡಿ. ಎಷ್ಟೋ ಸಲ ಸುರುಳಿಯ ಹೊರಮೈ ಮೊದಲು ಕೆಡುತ್ತದೆ, ಒಳಗಿನ ಪದರಗಳು ಇನ್ನೂ ಚೆನ್ನಾಗಿರುತ್ತವೆ. ಅದಕ್ಕೇ ಅರ್ಧ ಉಳಿದ ಚಿತ್ರ ಅನ್ನುವುದು ಆಶ್ಚರ್ಯದ ಸಂಗತಿ ಅಲ್ಲವೇ ಅಲ್ಲ.

ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮು. ಸಾವಿರ ಅಡಿಯ ರೀಲು, ಅಂದರೆ ಸುಮಾರು 300 ಮೀಟರ್, ಮೂಕಿಯ ವೇಗದಲ್ಲಿ ಹೆಚ್ಚುಕಮ್ಮಿ ಕಾಲು ಗಂಟೆ ಓಡುತ್ತದೆ. ಮೂರು ನಾಲ್ಕು ರೀಲಿನ ನಗೆಚಿತ್ರದಲ್ಲಿ ಒಂದು ರೀಲು ಹೋದರೆ ಕಥೆಯ ಮೂರನೇ ಒಂದೋ ನಾಲ್ಕನೇ ಒಂದೋ ಪಾಲು ಹೋದ ಹಾಗೆ. ಮೊದಲ ರೀಲೇ ಹೋದರೆ ಹೆಸರಿನ ಕಾರ್ಡೂ ಹೋಗುತ್ತದೆ. ಆಗ ಆ ಡಬ್ಬ ಆರ್ಕೈವಿನಲ್ಲಿ, ಅಂದರೆ ಹಳೆ ಚಿತ್ರಗಳನ್ನು ಕಾಪಾಡುವ ಭಂಡಾರದಲ್ಲಿ, ಅನಾಥ. ಯಾರ ಚಿತ್ರ, ಯಾವ ವರ್ಷದ್ದು ಅಂತ ಫಿಲ್ಮಿನ ಅಂಚಿನ ಗುರುತು, ತೂತಿನ ಆಕಾರ, ಹಿಂದೆ ಕಾಣುವ ಬೀದಿ, ನಟರ ಮುಖ ಇವನ್ನು ನೋಡಿ ಪತ್ತೆ ಹಚ್ಚಬೇಕು. ಫ್ರಾನ್ಸಿನ ಪಾಥೆ ಕಂಪನಿ ಕಳ್ಳ ಪ್ರಿಂಟು ತಡೆಯಲು ತನ್ನ ಹುಂಜದ ಮುದ್ರೆಯನ್ನು ಸೆಟ್ಟಿನ ಗೋಡೆಗೇ ಹಾಕುತ್ತಿತ್ತು. ನೂರು ವರ್ಷದ ನಂತರ ಎಷ್ಟೋ ಅನಾಥ ತುಣುಕುಗಳಿಗೆ ಆ ಹುಂಜವೇ ಹೆಸರು ಕೊಡಿಸಿದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ದುಃಖದ ಚಿತ್ರದಲ್ಲಿ ಒಂದು ರೀಲು ಹೋದರೂ ಅಳು ಬರುತ್ತದೆ. ತಾಯಿ ಮಗುವಿನ ಹಾಸಿಗೆ ಪಕ್ಕ ಕೂತಿದ್ದಾಳೆ ಅಂದರೆ ಹಿಂದಿನದು ಗೊತ್ತಿಲ್ಲದೆಯೂ ಗಂಟಲು ಕಟ್ಟುತ್ತದೆ. ನಗೆಚಿತ್ರಕ್ಕೆ ಆ ಅನುಕೂಲ ಇಲ್ಲ. ಅದರಲ್ಲೂ ಕಳ್ಳ, ಪತ್ತೇದಾರ, ಕದ್ದ ವಸ್ತು ಇರುವ ನಗೆಚಿತ್ರ ಪೂರ್ತಿ ಲೆಕ್ಕದ ಮೇಲೆ ನಿಂತಿರುತ್ತದೆ. ಮೊದಲು ಏನನ್ನೋ ತೋರಿಸಿ ಇಡುತ್ತಾರೆ. ಆಮೇಲೆ ಅದನ್ನು ಮರೆಸುತ್ತಾರೆ. ನಾವು ಮರೆತ ಹೊತ್ತಿಗೆ ಸರಿಯಾಗಿ ಎತ್ತಿ ತೋರಿಸುತ್ತಾರೆ. ಇಟ್ಟ ಜಾಗ ಹೋಗಿ ಎತ್ತಿದ ಜಾಗ ಮಾತ್ರ ಉಳಿದರೆ ನೋಡುವವನು ಪೆಚ್ಚಾಗಿ ಕೂರುತ್ತಾನೆ. ಇಷ್ಟು ಹೊತ್ತು ಜನ ಇದಕ್ಕಾ ನಗುತ್ತಿದ್ದರು ಅಂತ ಕೇಳುತ್ತಾನೆ. ತಪ್ಪು ಚಿತ್ರದ್ದಲ್ಲ, ಹೋದ ರೀಲಿನದು.

ಒಂದು ಉದಾಹರಣೆ ಕೊಡುತ್ತೇನೆ. ಲುಬಿಚ್ ಅವರೇ 1932ರಲ್ಲಿ ಅಮೆರಿಕದಲ್ಲಿ ಮಾಡಿದ 'ಟ್ರಬಲ್ ಇನ್ ಪ್ಯಾರಡೈಸ್'. ಅದು ಪೂರ್ತಿ ಉಳಿದಿದೆ. ವೆನಿಸ್ಸಿನ ಹೋಟೆಲ್ಲಿನಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಊಟಕ್ಕೆ ಕೂತಿದ್ದಾರೆ. ಆತ ಬ್ಯಾರನ್ ಅಂತ ಹೇಳಿಕೊಂಡಿದ್ದಾನೆ, ಆಕೆ ಕೌಂಟೆಸ್ ಅಂತ. ಇಬ್ಬರೂ ಕಳ್ಳರು. ನೀನು ಕಳ್ಳ ಅಂತ ಆಕೆ ಹೇಳುತ್ತಾಳೆ, ಅದೇ ಉಸಿರಿನಲ್ಲಿ ಉಪ್ಪು ಕೇಳುತ್ತಾಳೆ. ಆತ ಎದ್ದು ಹೋಗಿ ಬಾಗಿಲಿಗೆ ಬೀಗ ಹಾಕಿ, ಪರದೆ ಎಳೆದು, ಆಕೆಯ ಭುಜ ಹಿಡಿದು ಅಲುಗಾಡಿಸುತ್ತಾನೆ. ಆತ ಕದ್ದು ತಂದಿದ್ದ ಪಾಕೀಟು ಆಕೆಯ ಬಟ್ಟೆಯಿಂದ ದೊಪ್ಪನೆ ಬೀಳುತ್ತದೆ. ಮತ್ತೆ ಬಂದು ಊಟಕ್ಕೆ ಕೂರುತ್ತಾರೆ, ಏನೂ ಆಗದವರ ಹಾಗೆ. ಈಗ ಆತ ಆಕೆಯ ಪಿನ್ನನ್ನು ಜೇಬಿನಿಂದ ತೆಗೆದು ವಾಪಸು ಕೊಡುತ್ತಾನೆ. ಆಕೆ ಗಂಟೆ ಎಷ್ಟು ಅನ್ನುತ್ತಾಳೆ, ಆತ ಜೇಬು ತಡಕುತ್ತಾನೆ, ಗಡಿಯಾರ ಆಕೆಯ ಕೈಯಲ್ಲಿದೆ. ಆಮೇಲೆ ಆತ, ನಿನ್ನ ಕಾಲುಪಟ್ಟಿ (ಕಾಲುಚೀಲ ಜಾರದ ಹಾಗೆ ಕಟ್ಟುವ ಪಟ್ಟಿ) ನಾನೇ ಇಟ್ಟುಕೊಂಡರೆ ಬೇಜಾರಿಲ್ಲ ತಾನೇ ಅನ್ನುತ್ತಾನೆ. ಆಕೆಯ ಕೈ ಕಾಲಿನ ಕಡೆ ಹೋಗುತ್ತದೆ. ಮರುಗಳಿಗೆ ಎದ್ದು ಬಂದು ಅವನನ್ನು ತಬ್ಬಿಕೊಳ್ಳುತ್ತಾಳೆ.

ಈ ದೃಶ್ಯದಿಂದ ಪಾಕೀಟು ಬೀಳುವ ಅರ್ಧ ನಿಮಿಷ ಕಿತ್ತುಹಾಕಿ. ಪಿನ್ನು, ಗಡಿಯಾರ, ಕಾಲುಪಟ್ಟಿ ಎಲ್ಲ ಇದೆ. ಆದರೂ ಸಪ್ಪೆ. ಯಾಕೆಂದರೆ ಮೊದಲ ಕಳ್ಳತನ ಒರಟಾಗಿ ಬಯಲಾದದ್ದಕ್ಕೇ ಮುಂದಿನವು ಒಂದಕ್ಕಿಂತ ಒಂದು ನಯವಾಗಿ ಕಾಣುವುದು. ಜಬರದಸ್ತಿಯಿಂದ ಶುರುವಾಗಿ ಪ್ರೀತಿಗೆ ಹತ್ತುವ ಮೆಟ್ಟಿಲು ಅದು. ಎಡಿಟಿಂಗ್ ಮೆಷಿನ್ನಿನ ಮುಂದೆ ಕೂತು ಕತ್ತರಿಸಿದ ಯಾರಿಗಾದರೂ ಇದು ಗೊತ್ತಾಗುತ್ತದೆ. ಬರ್ಲಿನ್ನಿನಲ್ಲಿ ಸಾಲಿ ವೇಷದಲ್ಲಿ ಪತ್ತೇದಾರಿಕೆಯ ಲೇವಡಿ ಮಾಡುತ್ತಿದ್ದ ಹುಡುಗ ಹದಿನಾಲ್ಕು ವರ್ಷದಲ್ಲಿ ಈ ಊಟದ ಮೇಜಿಗೆ ಬಂದು ಮುಟ್ಟಿದ್ದಾನೆ. ಆ ದಾರಿಯ ಒಂದು ತುಂಡು ರೋಸೆನ್‌ಟೊಪ್ಫ್ ಕೇಸಿನಲ್ಲಿದೆ. ಅದನ್ನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ತುಣುಕಿನಿಂದ ಏನು ಸಿಗುತ್ತದೆ ಅಂತ ಕೇಳಬಹುದು. ತುಂಬ ಸಿಗುತ್ತದೆ. ಕ್ಯಾಮೆರಾ ಎಲ್ಲಿ ಇಟ್ಟರು, ಒಂದು ಶಾಟು ಎಷ್ಟು ಹೊತ್ತು ನಿಂತಿತು, ನಟ ಬಾಗಿಲಿನಿಂದ ಹೊರಹೋದ ಎಷ್ಟನೇ ಫ್ರೇಮಿಗೆ ಕತ್ತರಿ ಬಿತ್ತು, ಇದೆಲ್ಲ ಐದು ನಿಮಿಷದಲ್ಲೂ ಕಾಣುತ್ತದೆ. ಆ ಕಾಲದ ಕೋಣೆ, ಮೆಟ್ಟಿಲು, ಟೋಪಿ ಕಾಣುತ್ತದೆ. ಮುಖಗಳು ಕಾಣುತ್ತವೆ. ಟ್ರೂಡೆ ಹೆಸ್ಟರ್‌ಬೆರ್ಗ್ ಹೆಸರು ಮೇಲೆ ಬಂತಲ್ಲ, ಆಕೆ ಮುಂದೆ 1921ರಲ್ಲಿ ಬರ್ಲಿನ್ನಿನಲ್ಲಿ 'ವಿಲ್ಡೆ ಬ್ಯೂನೆ' ಎಂಬ ಕ್ಯಾಬರೆಯನ್ನು, ಅಂದರೆ ಹಾಡು ಮತ್ತು ವಿಡಂಬನೆಯ ಪುಟ್ಟ ರಂಗಮಂದಿರವನ್ನು, ಶುರುಮಾಡಿದರು. ಒಂದು ದೊಡ್ಡ ನಾಟಕಮಂದಿರದ ನೆಲಮಾಳಿಗೆಯಲ್ಲಿ. ಮುಂದೆ ನಾಟಕಕಾರರಾಗಿ ಹೆಸರಾದ ಬ್ರೆಕ್ಟ್ ತರುಣರಾಗಿದ್ದಾಗ ಅಲ್ಲಿ ಹಾಡಿದ್ದಾರೆ. ಅಂಥ ಹೆಂಗಸು ಅದಕ್ಕೂ ಮೂರು ವರ್ಷ ಮೊದಲು ಲುಬಿಚ್ ಚಿತ್ರದಲ್ಲಿದ್ದರು ಅನ್ನುವುದು ನನಗೆ ದೊಡ್ಡ ವಿಷಯ.

ಲುಬಿಚ್ ಒಬ್ಬರದೇ ಲೆಕ್ಕ ತೆಗೆದರೂ ಎದೆ ಧಸಕ್ ಅನ್ನುತ್ತದೆ. ಅವರಿಗೆ ನಟನಾಗಿ ಹೆಸರು ತಂದ 1914ರ 'ಡೀ ಫಿರ್ಮಾ ಹೈರಾಟೆಟ್' ಹೋಗಿದೆ. 1917ರ 'ಡೆರ್ ಬ್ಲೂಸೆನ್‌ಕ್ಯೋನಿಗ್' ತುಣುಕು ಮಾತ್ರ. ಜರ್ಮನಿಯಲ್ಲಿ ಅವರ ಕೊನೆಯ ಚಿತ್ರ, 1923ರ 'ಡೀ ಫ್ಲಾಮೆ', ಒಂದಿಷ್ಟು ಭಾಗ ಮಾತ್ರ. ಅಮೆರಿಕಕ್ಕೆ ಹೋದ ಮೇಲೂ ಇದು ಬಿಡಲಿಲ್ಲ. ಬರ್ಲಿನ್ನಿನ ಕಾಲದಿಂದಲೂ ಅವರಿಗೆ ಚಿತ್ರಕಥೆ ಬರೆಯುತ್ತಿದ್ದ ಹಾನ್ಸ್ ಕ್ರೇಲಿ 1928ರ 'ದಿ ಪೇಟ್ರಿಯಟ್'ಗೆ ಆಸ್ಕರ್ ಗೆದ್ದರು. ಆ ಚಿತ್ರದ್ದೂ ಟ್ರೈಲರ್ ಮತ್ತು ಕೆಲವು ತುಣುಕು ಬಿಟ್ಟರೆ ಬೇರೇನೂ ಇಲ್ಲ. ಇಂಗ್ಲೆಂಡಿನ ಕಥೆಯೂ ಬೇರೆ ಅಲ್ಲ. ಮುಂದೆ ದೊಡ್ಡ ಹೆಸರು ಮಾಡಿದ ಮೈಕೆಲ್ ಪೊವೆಲ್ ನಿರ್ದೇಶಕರಾಗಿ ಮಾಡಿದ ಮೊದಲ ಚಿತ್ರ, 1931ರ 'ಟೂ ಕ್ರೌಡೆಡ್ ಅವರ್ಸ್', ಅದೂ ಅಪರಾಧ ಮತ್ತು ನಗು ಬೆರೆತದ್ದು, ಎಲ್ಲೂ ಇಲ್ಲ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಹುಡುಕಾಟದ ಪಟ್ಟಿಗೆ ಹಾಕಿದ 75 ಚಿತ್ರಗಳಲ್ಲಿ ಅದೂ ಒಂದು.

ಸಿಗುವುದೇ ಇಲ್ಲ ಅಂತಲೂ ಅಲ್ಲ. ಲುಬಿಚ್ ಅವರ 1916ರ 'ಆಲ್ಸ್ ಇಷ್ ಟೋಟ್ ವಾರ್' ಹೋಯಿತು ಅಂತಲೇ ಎಲ್ಲ ನಂಬಿದ್ದರು. 1990ರ ದಶಕದಲ್ಲಿ ಸ್ಲೊವೇನಿಯಾದ ಆರ್ಕೈವಿನಲ್ಲಿ ಸಿಕ್ಕಿತು. ಅತ್ತೆಯ ಕಾಟ ತಾಳದೆ ಸತ್ತೆ ಅಂತ ಚೀಟಿ ಬರೆದಿಟ್ಟು, ವೇಷ ಹಾಕಿಕೊಂಡು ತನ್ನ ಮನೆಗೇ ಆಳಾಗಿ ಬರುವ ಗಂಡನ ಕಥೆ ಅದು. ಗ್ರಹಾಂ ಕಟ್ಸ್ ನಿರ್ದೇಶಿಸಿ, ತರುಣ ಹಿಚ್‌ಕಾಕ್ ಕೆಲಸ ಮಾಡಿದ 1924ರ 'ದಿ ವೈಟ್ ಶ್ಯಾಡೋ'ದ ಮೊದಲ ಮೂರು ರೀಲು ನ್ಯೂಜಿಲೆಂಡಿನಲ್ಲಿದೆ ಅಂತ 2011ರಲ್ಲಿ ಗೊತ್ತಾಯಿತು. ವಿತರಣೆಯ ಸಾಲಿನ ತುತ್ತತುದಿಗೆ ಹೋದ ಪ್ರಿಂಟನ್ನು ವಾಪಸು ಸಾಗಿಸಲು ಖರ್ಚು ಜಾಸ್ತಿ. ಹಾಗಾಗಿ ಅಲ್ಲೇ ಉಳಿಯಿತು, ಯಾರೋ ಒಬ್ಬ ಪ್ರೊಜೆಕ್ಟರ್ ಆಪರೇಟರ್ ಜೋಪಾನ ಮಾಡಿದರು.

ಎಐ ವಿಷಯಕ್ಕೆ ಬರುತ್ತೇನೆ. ಹೋದ ಭಾಗವನ್ನು ಯಂತ್ರ ಹುಟ್ಟುಹಾಕಿದರೆ ಆಗುವುದೇನು? ಲುಬಿಚ್ ಮುಖ ಇರುತ್ತದೆ, ಲುಬಿಚ್ ಇರುವುದಿಲ್ಲ. ಅವರು ಯಾವ ಕ್ಷಣಕ್ಕೆ ಹುಬ್ಬು ಎತ್ತಿದರು ಅನ್ನುವುದೇ ನಗುವಿನ ಗುಟ್ಟು. ಆ ಕ್ಷಣವನ್ನು ಊಹಿಸಿ ಹಾಕಿದರೆ ಅದು ಊಹಿಸಿದವರದ್ದು. ಮೇಲಾಗಿ ಒಮ್ಮೆ ಬೆರೆತ ಮೇಲೆ ಬೇರ್ಪಡಿಸುವುದು ಯಾರು? ಇನ್ನು ಇಪ್ಪತ್ತು ವರ್ಷಕ್ಕೆ ಆ ಚಿತ್ರ ನೋಡಿದ ಹುಡುಗಿಯೊಬ್ಬಳು, 1918ರಲ್ಲೇ ಹೀಗೆ ಕತ್ತರಿಸುತ್ತಿದ್ದರು ಅಂತ ತಿಳಿದು ಪಾಠ ಕಲಿತರೆ, ಆಕೆ ಕಲಿತದ್ದು ಸುಳ್ಳು. ಗೀರು ಒರೆಸುವುದಕ್ಕೆ, ಅಲುಗಾಟ ನಿಲ್ಲಿಸುವುದಕ್ಕೆ ಕಂಪ್ಯೂಟರ್ ಬೇಕು, ಬಳಸಲಿ. ಇಲ್ಲದ ಶಾಟನ್ನು ಹುಟ್ಟಿಸುವುದು ಬೇಡ.

ಹಾಗಾದರೆ ಏನು ಮಾಡಬೇಕು? ದಾರಿ ಇದೆ, ಆಗಲೇ ನಡೆದು ತೋರಿಸಿದ್ದಾರೆ. ಜರ್ಮನಿಯ ದೊಡ್ಡ ಮೂಕಿ ಚಿತ್ರ 'ಮೆಟ್ರೊಪೊಲಿಸ್' ನಿಮ್ಮ ಲೇಖನದಲ್ಲೂ ಇತ್ತು. ಅದರ ಕಳೆದುಹೋಗಿದ್ದ ಭಾಗ ಇದ್ದ, 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸಿಕ್ಕಿದ್ದು 16 ಮಿ.ಮೀ. ಪ್ರತಿ. ಗೀರು ತುಂಬಿದ್ದು, ಅಂಚು ಕತ್ತರಿಸಿಹೋದದ್ದು. 2010ರ ಆವೃತ್ತಿಯಲ್ಲಿ ಆ ಭಾಗ ಬಂದಾಗ ಚಿತ್ರದ ಚೌಕಟ್ಟು ಚಿಕ್ಕದಾಗುತ್ತದೆ, ಗೀರು ಹಾಗೇ ಕಾಣುತ್ತದೆ. ಇನ್ನೂ ಸಿಗದ ಜಾಗದಲ್ಲಿ ಕಥೆಯನ್ನು ಕಾರ್ಡಿನಲ್ಲಿ ಬರೆದು ತೋರಿಸುತ್ತಾರೆ. ಅಜ್ಜಿಯ ಸೀರೆಗೆ ಹಾಕಿದ ತೇಪೆಯ ಹಾಗೆ, ಇಲ್ಲಿ ಹರಿದಿತ್ತು ಅಂತ ಕಾಣುತ್ತದೆ, ಸೀರೆಯನ್ನು ಉಡಲೂ ಆಗುತ್ತದೆ.

ನಗೆಚಿತ್ರಕ್ಕೆ ಆ ಕಾರ್ಡು ಬರೆಯುವುದು ಮಾತ್ರ ಕಷ್ಟದ ಕೆಲಸ, ಈ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಕಾರ್ಡಿನಲ್ಲಿ ಜೋಕು ಮಾಡಬಾರದು. ಕಥೆಯೆಲ್ಲ ಹೇಳಿ ಮುಗಿಸಲೂಬಾರದು. ಮುಂದೆ ಬರುವ ನಗುವಿಗೆ ಯಾವ ಒಂದು ಸಂಗತಿ ಗೊತ್ತಿರಲೇಬೇಕೋ ಅದನ್ನಷ್ಟೇ ನೇರವಾಗಿ ಹೇಳಬೇಕು: ಪಾಕೀಟು ಈಗ ಆಕೆಯ ಹತ್ತಿರ ಇದೆ, ಆತನಿಗೆ ಅದು ಗೊತ್ತು. ಇಷ್ಟೇ. ಜೊತೆಗೆ ಇಲ್ಲಿ ಇಷ್ಟು ಮೀಟರ್ ಸಿಕ್ಕಿಲ್ಲ ಅಂತ ಒಂದು ಸಾಲು. ಸ್ಟಿಲ್ ಫೋಟೋ ಇದ್ದರೆ ಒಂದು ಫೋಟೋ. ಸಂಗೀತ ನುಡಿಸುವವರು ಆ ಕಾರ್ಡಿನ ಹೊತ್ತಿನಲ್ಲಿ ಲಯ ಬಿಡಬಾರದು, ಬಿಟ್ಟರೆ ನೋಡುವವರ ಗಮನ ಕಳಚುತ್ತದೆ. ಎಡಿಟರ್ ಆದವರು ಇಂಥ ಕೆಲಸಕ್ಕೆ ಕೂತರೆ ಹಾಳಾದ ನಗುವಿನಲ್ಲಿ ಎಷ್ಟೋ ವಾಪಸು ಬರುತ್ತದೆ.

ಹೋದ ಭಾಗದಲ್ಲಿ ಏನಿತ್ತು ಅಂತ ತಿಳಿಯಲು ಕಾಗದ ಇದೆ. ಜರ್ಮನಿಯಲ್ಲಿ 1920ರ ಮೇ ತಿಂಗಳಲ್ಲಿ ಚಲನಚಿತ್ರ ಕಾನೂನು ಬಂತು. ಪ್ರತಿ ಚಿತ್ರಕ್ಕೂ ಸೆನ್ಸಾರ್ ಕಾರ್ಡು. ಅದರಲ್ಲಿ ಚಿತ್ರದ ಉದ್ದ ಮೀಟರಿನಲ್ಲಿ, ಜೊತೆಗೆ ದೃಶ್ಯಗಳ ನಡುವೆ ಪರದೆಯ ಮೇಲೆ ಬರುವ ಮಾತಿನ ಕಾರ್ಡುಗಳ ಪೂರ್ತಿ ಪಠ್ಯ. ಹಳೆಯ ಚಿತ್ರಗಳನ್ನು ಆಡಿಸಬೇಕಾದರೂ ಮತ್ತೆ ತೋರಿಸಿ ಒಪ್ಪಿಗೆ ಪಡೆಯಬೇಕಿತ್ತು. ಜನರ ಬಾಯಿ ಕಟ್ಟಲು ಹುಟ್ಟಿದ ಕಡತ ಇವತ್ತು ಕಳೆದ ಚಿತ್ರಗಳ ಪರವಾಗಿ ಸಾಕ್ಷಿ ಹೇಳುತ್ತಿದೆ. 'ಡೆರ್ ಕಿನೆಮಾಟೊಗ್ರಾಫ್', 'ಲಿಷ್ಟ್‌ಬಿಲ್ಟ್-ಬ್ಯೂನೆ' ಮುಂತಾದ ಆಗಿನ ಸಿನಿಮಾ ಪತ್ರಿಕೆಗಳಲ್ಲಿ ವಿಮರ್ಶೆ, ಜಾಹೀರಾತು ಇವೆ. ಪತ್ರಿಕೆಯವರಾದ ನಿಮಗೆ ಇದು ಸಂತೋಷದ ಸಂಗತಿ ಆಗಬೇಕು ಅಲ್ವಾ? ಅವತ್ತು ಯಾರೋ ವರದಿಗಾರ ರಾತ್ರಿ ಆಟ ನೋಡಿ ಗಡಿಬಿಡಿಯಲ್ಲಿ ಗೀಚಿದ ಹತ್ತು ಸಾಲು ಒಂದು ರೀಲಿನ ಬದಲಿಗೆ ನಿಂತಿದೆ.

ಕೊನೆಗೆ ನನ್ನ ಕೋರಿಕೆ. ಇಂಥ ಚಿತ್ರಗಳ ಬಗ್ಗೆ ಮುಂದೆ ಬರೆಸುವಾಗ 'ಕಳೆದುಹೋದ' ಮತ್ತು 'ಭಾಗ ಉಳಿದ' ಎಂಬ ಎರಡು ಪಟ್ಟಿಗಳನ್ನು ಬೇರೆ ಬೇರೆ ಇಡಿ. ಉಳಿದದ್ದು ಎಷ್ಟು, ಯಾವ ಆರ್ಕೈವಿನಲ್ಲಿದೆ ಅಂತ ವಿಚಾರಿಸಿ ಒಂದು ಸಾಲು ಹಾಕಿ. ಯಂತ್ರ ಹುಟ್ಟಿಸಿದ ಚಿತ್ರವನ್ನು ಹಳೆ ಚಿತ್ರದ ಫೋಟೋ ಪಕ್ಕ ಅಚ್ಚು ಮಾಡಬೇಡಿ. ದೊಡ್ಡ ಚಿತ್ರಗಳ ನಡುವೆ ನಗೆಚಿತ್ರಕ್ಕೂ ಒಂದು ಕಾಲಂ ಜಾಗ ಕೊಡಿ. ಭಾನುವಾರದ ಲೇಖನದ ಆನ್‌ಲೈನ್ ಪ್ರತಿಯನ್ನು ತಿದ್ದಲು ಸಾಧ್ಯವಿದ್ದರೆ, ಭಾಗ ಉಳಿದ ಪಟ್ಟಿಯಲ್ಲಿ ಮೊದಲು ಹೀಗೆ ಸೇರಿಸಿ: 'ಡೆರ್ ಫಾಲ್ ರೋಸೆನ್‌ಟೊಪ್ಫ್', ಜರ್ಮನಿ, 1918, ನಿರ್ದೇಶನ ಮತ್ತು ನಟನೆ ಎರ್ನ್ಸ್ಟ್ ಲುಬಿಚ್.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗಿ,
ಒಬ್ಬ ನಿವೃತ್ತ ಚಿತ್ರ ಸಂಕಲನಕಾರ್ತಿ